ಹಿನ್ನೀರಿನಲ್ಲಿ ತೆಪ್ಪ, ತೆಪ್ಪದ ಹಿಂದೆ ಗಾಳ

ಟ್ರೋಲಿಂಗ್ ಅಂದರೆ ಇಷ್ಟೇ: ದೋಣಿ ನಿಧಾನಕ್ಕೆ ಸಾಗುತ್ತಿರುತ್ತದೆ, ಅದರ ಹಿಂದೆ ಮೂವತ್ತು ನಲವತ್ತು ಮೀಟರ್ ದೂರದಲ್ಲಿ ಲ್ಯೂರ್, ಅಂದರೆ ಗಾಳ ಕಟ್ಟಿದ ಹುಸಿ ಮೀನು, ಈಜುತ್ತ ಬರುತ್ತದೆ. ದಡದಲ್ಲಿ ಕೂತು ಹಾಕಿದ ಗಾಳಕ್ಕೆ ಮೀನು ಬರಬೇಕು, ಇಲ್ಲಿ ಗಾಳವೇ ಮೀನನ್ನು ಹುಡುಕಿಕೊಂಡು ಹೋಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಸಾಗರಕಟ್ಟೆ ಕಡೆಯ ಕೆಆರ್‌ಎಸ್ ಹಿನ್ನೀರಿನಲ್ಲಿ ಇದನ್ನು ಮಾಡಿ ಬಂದೆ. ಆವತ್ತಿನಿಂದ ಮೈಸೂರಿನ ಗೆಳೆಯರದು ಒಂದೇ ಪ್ರಶ್ನೆ, ಏನೇನು ಸಾಮಾನು ಕೊಳ್ಳಬೇಕು? ನೀವು ಬರೆದಿಟ್ಟುಕೊಂಡಿರುವ ಪಟ್ಟಿಯಲ್ಲಿ ಅರ್ಧಕ್ಕರ್ಧ ಹೊಡೆದುಹಾಕಿ ಅನ್ನುವುದೇ ನನ್ನ ಉತ್ತರ.

ಆ ಪಟ್ಟಿ ಬಂದಿರುವುದು ಅಮೆರಿಕದ ವಿಡಿಯೊಗಳಿಂದ. ಮಿಶಿಗನ್ ಸರೋವರಕ್ಕೆ 1966ರಲ್ಲಿ ಕೋಹೊ ಸಾಲ್ಮನ್ ಮರಿಗಳನ್ನು ಬಿಟ್ಟರು, ಅವು ಬೆಳೆದ ಮೇಲೆ ಅಲ್ಲಿ ಟ್ರೋಲಿಂಗ್ ದೊಡ್ಡ ಹವ್ಯಾಸವಾಯಿತು. ಆ ಸರೋವರದ ಅತಿ ಹೆಚ್ಚಿನ ಆಳ 281 ಮೀಟರ್. ಬೇಸಿಗೆಯಲ್ಲಿ ಸಾಲ್ಮನ್ ತಣ್ಣೀರು ಹುಡುಕಿಕೊಂಡು ಕೆಳಕ್ಕೆ ಇಳಿಯುತ್ತದೆ. ಅಲ್ಲಿಗೆ ಲ್ಯೂರ್ ತಲುಪಿಸಲು ಉಕ್ಕಿನ ತಂತಿಗೆ ಸೀಸದ ಗುಂಡು ಕಟ್ಟಿದ ಡೌನ್‌ರಿಗ್ಗರ್, ಹತ್ತು ಗಜಕ್ಕೊಂದು ಬಣ್ಣ ಬದಲಾಗುವ ಸೀಸದ ದಾರ, ದಾರಗಳನ್ನು ಪಕ್ಕಕ್ಕೆ ಹರಡುವ ಪ್ಲೇನರ್ ಹಲಗೆ ಎಲ್ಲ ಬೇಕು. ನಮ್ಮ ಕಟ್ಟೆಯ ಗರಿಷ್ಠ ಮಟ್ಟವೇ 124.80 ಅಡಿ, ಅದೂ ಅಣೆಕಟ್ಟೆ ಹತ್ತಿರದ ಲೆಕ್ಕ. ಹಿನ್ನೀರಿನ ತುದಿಗೆ ಬಂದಂತೆ ಆಳ ಕಡಿಮೆಯಾಗುತ್ತ ಹೋಗಿ, ಕಡೆಗೆ ತೆಪ್ಪದ ತಳವೇ ಕೆಸರಿಗೆ ಉಜ್ಜುತ್ತದೆ. ಇಲ್ಲಿ ಡೌನ್‌ರಿಗ್ಗರ್ ಇಳಿಬಿಟ್ಟರೆ ಅದು ಮೊದಲು ಹಿಡಿಯುವುದು ಮುಳುಗಿದ ಬೊಡ್ಡೆಯನ್ನು.

ಸಾಮಾನಿಗಿಂತ ಮೊದಲು ಜಾಗದ ಮಾತು. ಜಲಾಶಯದ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಗೆ ಸೇರಿದ್ದು. ಕಚೇರಿಗೆ ಹೋಗಿ ಕೇಳಿ, ಪರವಾನಗಿ ಇರುವ ಮೀನುಗಾರರ ಜೊತೆಯಲ್ಲೇ ನೀರಿಗಿಳಿಯಿರಿ. ಅಣೆಕಟ್ಟೆಯ ಹತ್ತಿರ ಭದ್ರತೆ ಇದೆ, ಆ ಕಡೆ ತಲೆ ಹಾಕಬೇಡಿ. ಕೆಳಗಡೆಯ ರಂಗನತಿಟ್ಟು ಪಕ್ಷಿಧಾಮ, ಅಲ್ಲಿ ಗಾಳದ ಮಾತೇ ಇಲ್ಲ. ಕಬಿನಿ ಹಿನ್ನೀರು ನಾಗರಹೊಳೆ, ಬಂಡೀಪುರದ ಕಾಡಿಗೆ ಅಂಟಿಕೊಂಡಿದೆ. ಮಳವಳ್ಳಿ ಕಡೆಯ ಭೀಮೇಶ್ವರಿ ಒಂದು ಕಾಲಕ್ಕೆ ಬಿಳಿ ಮೀನು, ಅಂದರೆ ಮಹಶೀರ್, ಹಿಡಿಯುವವರಿಗೆ ಪ್ರಪಂಚಕ್ಕೇ ಹೆಸರಾಗಿತ್ತು, ಆದರೆ ಅದು ಕಾವೇರಿ ವನ್ಯಜೀವಿಧಾಮದೊಳಗೆ ಬರುತ್ತದೆ. ಮುಂಗಾರಿನ ಜೂನ್, ಜುಲೈ, ಆಗಸ್ಟ್ ಮೀನು ಮೊಟ್ಟೆಯಿಡುವ ಕಾಲ. ಸಾಲದ್ದಕ್ಕೆ ಆಷಾಢದ ಗಾಳಿಯೂ ಸೇರಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಯೋಚನೆಯನ್ನೇ ಬಿಡಿ.

ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದು ಇಲವಾಲದಲ್ಲಿ ಬಲಕ್ಕೆ ಹೊರಳಿದರೆ ಸಾಗರಕಟ್ಟೆ. ನಾವು ಕತ್ತಲಿರುವಾಗಲೇ ತಲುಪಿದೆವು. ಅಷ್ಟು ಬೇಗ ಹೋಗಬೇಕಾಗಿಲ್ಲ, ರಾತ್ರಿ ಬಿಟ್ಟ ಬಲೆಗಳನ್ನು ಎತ್ತುವ ತನಕ ತೆಪ್ಪದವರು ನಮಗೆ ಸಿಗುವುದಿಲ್ಲ. ಆದರೆ ಬೇಗ ಹೋದದ್ದರಿಂದ ಒಂದು ಲಾಭವಾಯಿತು. ಬಲೆಯಲ್ಲಿ ಏನು ಬಿದ್ದಿದೆ ಎಂದು ನೋಡಿದರೆ ಆವತ್ತು ನೀರಿನಲ್ಲಿ ಏನು ಓಡಾಡುತ್ತಿದೆ ಎಂದು ಗೊತ್ತಾಗುತ್ತದೆ. ಕಾಟ್ಲಾ, ರೋಹು, ಗೌರಿ ಮೀನು, ರಾಶಿ ಜಿಲೇಬಿ. ಇವುಗಳಲ್ಲಿ ಒಂದೂ ನಮ್ಮ ಗಾಳಕ್ಕೆ ಬರುವಂಥದ್ದಲ್ಲ. ಕಾಟ್ಲಾ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ಗೌರಿ ಮೀನು ತಳದ ಕೆಸರು ಕೆದಕುತ್ತದೆ, ಎದುರಿಗೆ ಓಡುವ ಲ್ಯೂರನ್ನು ಅಟ್ಟಿಸಿಕೊಂಡು ಹೋಗುವ ಜಾತಿಗಳಲ್ಲ ಅವು. ಹೊಸಬರು ಬಹಳ ಜನ ಸೋಲುವುದೇ ಇಲ್ಲಿ. ಕಟ್ಟೆ ತುಂಬ ಮೀನಿದೆ ಎಂಬ ಲೆಕ್ಕದಲ್ಲಿ ಹೋಗುತ್ತಾರೆ. ಟ್ರೋಲಿಂಗ್‌ಗೆ ಸಿಗುವುದು ಬೇಟೆಯಾಡುವ ಮೀನು ಮಾತ್ರ, ಅಂದರೆ ಮುಖ್ಯವಾಗಿ ಬಾಳೆ ಮೀನು, ಅದೃಷ್ಟ ಇದ್ದರೆ ಬಿಳಿ ಮೀನು. ಕೊರಮೀನೂ ಬೇಟೆಗಾರನೇ, ಆದರೆ ಅದು ಅಂಚಿನ ಜೊಂಡಿನೊಳಗೆ ಹೊಂಚುಹಾಕಿ ಕೂರುವುದು. ಅದಕ್ಕೆ ದಡದಿಂದ ಎಸೆಯುವ ಗಾಳವೇ ಸರಿ.

ನಮಗೆ ಸಿಕ್ಕಿದ್ದು ಬಿದಿರಿನ ತೆಪ್ಪ, ಮೋಟಾರಿಲ್ಲ. ಹುಟ್ಟು ಹಾಕುವವರು ಮುಂದೆ ಕೂತು ನೀರನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ, ತೆಪ್ಪ ಒಂದಿಷ್ಟು ಎಡಕ್ಕೆ ಒಂದಿಷ್ಟು ಬಲಕ್ಕೆ ಓಲಾಡುತ್ತ ಮುಂದೆ ಹೋಗುತ್ತದೆ. ವಿಡಿಯೊಗಳಲ್ಲಿ ಮೋಟಾರು ದೋಣಿಯವರು ಬೇಕೆಂದೇ ಹಾವಿನ ನಡೆಯಲ್ಲಿ ಓಡಿಸುವುದನ್ನು ನೋಡಿರುತ್ತೀರಿ. ತಿರುವಿನ ಹೊರಗಡೆ ಲ್ಯೂರ್ ವೇಗ ಪಡೆಯುತ್ತದೆ, ಒಳಗಡೆ ನಿಧಾನವಾಗುತ್ತದೆ, ಆ ಬದಲಾವಣೆಗೇ ಮೀನು ಕೆರಳಿ ಕಚ್ಚುತ್ತದೆ. ತೆಪ್ಪದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಆದರೆ ಒಂದು ತೆಪ್ಪಕ್ಕೆ ಒಂದೇ ದಾರ. ಎರಡು ಬಿಟ್ಟರೆ ಅದೇ ಓಲಾಟಕ್ಕೆ ಜಡೆ ಹೆಣೆದುಕೊಳ್ಳುತ್ತವೆ.

ಈಗ ಕೋಲು. ಆರೂವರೆಯಿಂದ ಏಳು ಅಡಿ, ತುದಿಯಿಂದ ನಡುವಿನವರೆಗೆ ಬಾಗುವಂಥದ್ದು, ಫೈಬರ್‌ಗ್ಲಾಸ್ ಆದರೆ ಒಳ್ಳೆಯದು. ಅಂಗಡಿಯಲ್ಲಿ ಗರಿಯಷ್ಟು ಹಗುರ ಎಂದು ತೋರಿಸುವ ಬಿರುಸು ಗ್ರಾಫೈಟ್ ಕೋಲು ಎಸೆಯುವುದಕ್ಕೆ ಚೆಂದ, ಎಳೆಯುವುದಕ್ಕಲ್ಲ. ಚಲಿಸುವ ದೋಣಿಯಲ್ಲಿ ಮೀನು ಹೊಡೆದ ಪೆಟ್ಟನ್ನು ಕೋಲು ಬೈಕಿನ ಶಾಕ್ ಅಬ್ಸಾರ್ಬರ್ ಥರ ನುಂಗಿಕೊಳ್ಳಬೇಕು, ಇಲ್ಲದಿದ್ದರೆ ಗಾಳ ಬಾಯಿ ಹರಿದುಕೊಂಡು ಬರುತ್ತದೆ. ತೆಪ್ಪಕ್ಕೆ ಕೋಲು ಸಿಕ್ಕಿಸುವ ಹೋಲ್ಡರ್ ಕೂರುವುದಿಲ್ಲ. ಕೋಲಿನ ಹಿಡಿಗೆ ಗಟ್ಟಿ ಹಗ್ಗ ಕಟ್ಟಿ ತೆಪ್ಪದ ಅಂಚಿಗೆ ಬಿಗಿದುಬಿಡಿ. ದುಡ್ಡು ಕೊಟ್ಟು ತಂದ ಕೋಲು ಕಟ್ಟೆ ಪಾಲಾಗುವುದು ಬೇಡ.

ದಾರ ಸುತ್ತುವ ರೀಲು ಬೇಟ್‌ಕಾಸ್ಟಿಂಗ್ ಮಾದರಿಯದು, ಅಂದರೆ ಉರುಳೆ ಕೋಲಿಗೆ ಅಡ್ಡಲಾಗಿ ತಿರುಗುವಂಥದ್ದು ಇರಲಿ, ದಾರ ಎಷ್ಟು ಹೋಗಿದೆ ಎಂದು ಎಣಿಸುವ ಮೀಟರ್ ಇದ್ದರೆ ಸಂತೋಷ, ಇಲ್ಲದಿದ್ದರೂ ನಷ್ಟವಿಲ್ಲ. ದಾರಕ್ಕೆ ಹತ್ತು ಮೀಟರಿಗೊಂದು ಗುರುತಿನಂತೆ ಕೆಂಪು ನೇಲ್ ಪಾಲಿಷ್ ಹಚ್ಚಿಕೊಂಡರೆ ಅದೇ ಮೀಟರ್. ಮೀನು ಎಳೆದಾಗ ರೀಲು ದಾರ ಬಿಟ್ಟುಕೊಡುವ ಬಿಗಿತವನ್ನು, ಅಂದರೆ ಡ್ರ್ಯಾಗನ್ನು, ಮನೆಯಲ್ಲೇ, ಹಳೇ ಪೇಪರಿನವರು ಹಿಡಿಯುವ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ ಎಳೆದು ಹೊಂದಿಸಿ. ದಾರ ತಡೆಯುವ ತೂಕದ ಕಾಲು ಭಾಗಕ್ಕೆ ರೀಲು ಬಿಟ್ಟುಕೊಡಬೇಕು. 20 ಪೌಂಡಿನ ದಾರವಾದರೆ ಎರಡು ಕಿಲೋ ಚಿಲ್ಲರೆ. ಇನ್ನೂ ಬಿಗಿ ಮಾಡುವ ಅಗತ್ಯವಿಲ್ಲ, ದೊಡ್ಡ ಮೀನು ಎಳೆದರೆ ತೆಪ್ಪವೇ ಅದರ ಹಿಂದೆ ಹೋಗುತ್ತದೆ.

ದಾರದ ವಿಷಯದಲ್ಲಿ ವಾದ ಮುಗಿಯುವುದಿಲ್ಲ. ಹೆಣೆದ ಬ್ರೇಡ್ ದಾರ ತೆಳ್ಳಗಿರುತ್ತದೆ, ಹಾಗಾಗಿ ಲ್ಯೂರ್ ಹೆಚ್ಚು ಆಳಕ್ಕೆ ಹೋಗುತ್ತದೆ, ಆದರೆ ಚೂರೂ ಹಿಗ್ಗುವುದಿಲ್ಲ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಸಾದಾ ತಂಗೂಸಿ ದಾರ. ಕೈ ಅವಸರಪಟ್ಟರೂ ಅದರ ಹಿಗ್ಗೇ ಕಾಪಾಡುತ್ತದೆ. ಬಾಳೆ ಮೀನಿನ ಬಾಯಿ ತುಂಬ ಅರದಂಥ ಸಣ್ಣ ಹಲ್ಲುಗಳಿವೆ. ದಾರದ ತುದಿಗೆ 40 ಪೌಂಡಿನ ದಪ್ಪ ಲೀಡರ್, ಅಂದರೆ ಹಲ್ಲಿಗೆ ತಡೆಯುವ ತುದಿ ದಾರ, ಒಂದು ಮೀಟರ್ ಇರಲೇಬೇಕು, ನಡುವೆ ದಾರ ಮುರಿಯಾಗದಂತೆ ತಿರುಗುವ ಕೊಂಡಿ, ಒಳ್ಳೆಯ ಬಾಲ್ ಬೇರಿಂಗ್ ಸ್ವಿವೆಲ್. ಚಮಚದಾಕಾರದ ಲೋಹದ ಲ್ಯೂರ್, ಅಂದರೆ ಸ್ಪೂನ್, ಸುತ್ತುತ್ತ ಬರುವಾಗ ಅಗ್ಗದ ಸ್ವಿವೆಲ್ ತಿರುಗದೆ ದಾರವೆಲ್ಲ ಮುರಿ ಹಾಕಿಕೊಳ್ಳುತ್ತದೆ. ಕಂಜೂಸುತನ ಎಲ್ಲಾದರೂ ಮಾಡಿ, ಇದೊಂದರಲ್ಲಿ ಬೇಡ.

ಲ್ಯೂರ್ ಆರಿಸುವಾಗ ಬಣ್ಣಕ್ಕೆ ಮರುಳಾಗಬೇಡಿ, ಮೂತಿಯ ಕೆಳಗಿನ ಪ್ಲಾಸ್ಟಿಕ್ ನಾಲಿಗೆ ನೋಡಿ. ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಆಳಕ್ಕೆ ಮುಳುಗುತ್ತದೆ, ಗಿಡ್ಡವಾಗಿ ಕೆಳಕ್ಕೆ ಬಾಗಿದ್ದರೆ ಮೇಲೆಯೇ ಓಡುತ್ತದೆ. ಡಬ್ಬಿಯ ಮೇಲೆ ಬರೆದ ಆಳ ಒಂದು ಅಂದಾಜು ಅಷ್ಟೇ, ಬಿಟ್ಟ ದಾರದ ಉದ್ದ, ದಪ್ಪ, ವೇಗ ಮೂರೂ ಅದನ್ನು ಬದಲಾಯಿಸುತ್ತವೆ. ಮೋಟಾರಿನವರು ಗಂಟೆಗೆ ಮೂರರಿಂದ ಐದು ಕಿಲೋಮೀಟರ್ ಓಡಿಸುತ್ತಾರೆ. ಹುಟ್ಟಿನ ತೆಪ್ಪ ಎರಡೂವರೆ ದಾಟುವುದು ಕಷ್ಟ. ಆದ್ದರಿಂದ ನಿಧಾನದಲ್ಲೂ ಕುಣಿಯುವಂಥದ್ದು ಬೇಕು: ಅಗಲವಾದ ತೆಳು ಸ್ಪೂನ್, ಇಲ್ಲವೇ ಎರಡು ತುಂಡು ಜೋಡಿಸಿದ ಕ್ರ್ಯಾಂಕ್‌ಬೇಟ್, ಅಂದರೆ ನಾಲಿಗೆ ಇರುವ ಮೀನಿನಾಕಾರದ ಲ್ಯೂರ್. ದೂರ ಬಿಡುವ ಮೊದಲು ತೆಪ್ಪದ ಪಕ್ಕದಲ್ಲೇ ಎಳೆದು ನೋಡಿ. ಅಡ್ಡ ಬಿದ್ದರೆ, ಸುಮ್ಮನೆ ಬಂದರೆ, ಬೇರೆಯದು ಹಾಕಿ. ಹೊರಟ ಮೇಲೆ ಕೋಲಿನ ತುದಿ ಸಣ್ಣಗೆ ಮಿಡಿಯುತ್ತಲೇ ಇರಬೇಕು. ಮಿಡಿತ ನಿಂತರೆ ಕಳೆ ಸಿಕ್ಕಿಕೊಂಡಿದೆ ಎಂದರ್ಥ.

ಪತ್ರಿಕೆಯಲ್ಲಿ ದಿನಾ ಬರುವ ಕಟ್ಟೆಯ ಮಟ್ಟವನ್ನು ಮಂಡ್ಯದ ರೈತರು ನಾಲೆ ನೀರಿಗಾಗಿ ನೋಡಿದರೆ, ಗಾಳದವರು ಆಳಕ್ಕಾಗಿ ನೋಡಬೇಕು. ಮಟ್ಟ ಹತ್ತಿಪ್ಪತ್ತು ಅಡಿ ಇಳಿದರೆ ಹೋದ ಸಲ ತೆಪ್ಪ ಹೋದ ಜಾಗದಲ್ಲಿ ದನ ಮೇಯುತ್ತಿರುತ್ತವೆ. ಕಟ್ಟೆ ಕಟ್ಟಿದಾಗ ಕನ್ನಂಬಾಡಿಯಂಥ ಊರುಗಳೇ ಮುಳುಗಿವೆ. ತಳದಲ್ಲಿ ಕಲ್ಲುಗೋಡೆ, ಹೊಲದ ಬದು, ತೋಪಿನ ಬೊಡ್ಡೆ ಎಲ್ಲ ಹಾಗೇ ಇರುತ್ತವೆ. "ವಸಿ ದಾರ ಸುತ್ಕಳಿ ಸಾ, ಮುಂದ್ಕೆ ಬೊಡ್ಡೆಗಳವೆ" ಎಂದು ತೆಪ್ಪದ ಅಣ್ಣ ಎಚ್ಚರಿಸುತ್ತಲೇ ಇದ್ದರು. ಯಾವ ಸೋನಾರ್ ಯಂತ್ರವೂ ಇಷ್ಟು ಸರಿಯಾಗಿ ಹೇಳಲಾರದು. ಸಿಕ್ಕಿಕೊಂಡರೆ ಜಗ್ಗಬೇಡಿ. ತೆಪ್ಪವನ್ನು ಹಿಂದಕ್ಕೆ, ಲ್ಯೂರಿನ ಆಚೆ ಬದಿಗೆ ಒಯ್ದು ದಾರ ಸಡಿಲ ಬಿಡಿ. ಆಗಲೂ ಬರದಿದ್ದರೆ ಕೆಟ್ಟ ಸ್ಪಾರ್ಕ್ ಪ್ಲಗ್ ಒಂದನ್ನು ಕ್ಲಿಪ್ಪಿನಿಂದ ದಾರಕ್ಕೆ ಸಿಕ್ಕಿಸಿ ಜಾರಿಸಿ, ಆ ಪೆಟ್ಟಿಗೆ ಬಹಳ ಸಲ ಬಿಟ್ಟುಕೊಳ್ಳುತ್ತದೆ. ಮೂರು ಮುಳ್ಳಿನ ಗಾಳ ತೆಗೆದು ಒಂಟಿ ಗಾಳ ಹಾಕಿ, ಅದರ ಮೊನೆಯ ಹಿಮ್ಮುಳ್ಳನ್ನೂ ಇಕ್ಕಳದಿಂದ ಒತ್ತಿಬಿಡಿ. ಬೊಡ್ಡೆಗೆ ಸಿಗುವುದು ಕಡಿಮೆಯಾಗುತ್ತದೆ, ತೆಪ್ಪದ ತಳದ ಪ್ಲಾಸ್ಟಿಕ್ಕೂ ತೂತಾಗುವುದಿಲ್ಲ.

ನಮಗೆ ಸಿಕ್ಕಿದ್ದು ಎರಡು ಕಿಲೋ ಮೇಲಿನ ಒಂದು ಬಾಳೆ, ಹಳೇ ಹೊಳೆಯ ಪಾತ್ರದ ಅಂಚಿನಲ್ಲಿ, ತಿರುವಿನಲ್ಲಿ ಲ್ಯೂರ್ ನಿಧಾನವಾದಾಗ. ಬಿಳಿ ಮೀನು ಕಾಣಲಿಲ್ಲ. 1946ರಲ್ಲಿ ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ನಿಲ್ಲಿಸುವುದಕ್ಕೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದ ದಾಖಲೆ ಇರುವ ಸೀಮೆ ಇದು. ಈಗ ಕಾವೇರಿಯ ಡುಬ್ಬದ ಬಿಳಿ ಮೀನು ಅಳಿವಿನ ಅಂಚಿನಲ್ಲಿದೆ. ನಿಮ್ಮ ಗಾಳಕ್ಕೆ ಬಂದರೆ ನೀರಿನಲ್ಲೇ ಇಟ್ಟುಕೊಂಡು ಬಿಡಿಸಿ ಕಳಿಸಿಕೊಡಿ, ಫೋಟೊಕ್ಕೆಂದು ಮೇಲೆತ್ತಿ ನಿಲ್ಲಬೇಡಿ.

ನಿಲ್ಲುವುದಂತೂ ತೆಪ್ಪದಲ್ಲಿ ಯಾವ ಕಾರಣಕ್ಕೂ ಬೇಡ. ಲೈಫ್ ಜಾಕೆಟ್ ಅವರ ಹತ್ತಿರ ಇರುವುದಿಲ್ಲ, ನೀವೇ ಒಯ್ಯಿರಿ, ಹುಟ್ಟು ಹಾಕುವವರಿಗೂ ಸೇರಿಸಿ. ಕಾವೇರಿಯಲ್ಲಿ ಮೊಸಳೆಗಳಿವೆ, ಕೈಕಾಲು ಇಳಿಬಿಟ್ಟು ಕೂರಬೇಡಿ. ಥರ್ಮೊಕೋಲ್ ತುಂಡು, ಖಾಲಿ ಬಾಟಲಿ ತೇಲುತ್ತಿದ್ದರೆ ಕೆಳಗೆ ಬಲೆ ಇದೆ, ದೂರದಿಂದಲೇ ಸುತ್ತಿಕೊಂಡು ಹೋಗಿ. ಬಿಸಿಲೇರಿ ಗಾಳಿ ಎದ್ದರೆ ಅಲೆ ತೆಪ್ಪದೊಳಗೇ ಬರುತ್ತದೆ, ಅಷ್ಟರಲ್ಲಿ ದಡ ಸೇರಿರಬೇಕು. ಬಾಡಿಗೆಯನ್ನು ಮೀನಿನ ಲೆಕ್ಕದಲ್ಲಿ ಮಾತಾಡದೆ ಬೆಳಗಿನ ಲೆಕ್ಕದಲ್ಲಿ ಮೊದಲೇ ಮಾತಾಡಿಕೊಳ್ಳಿ. ಅವರು ಸಂತೆಗೆ ಮೀನು ಒಯ್ಯುವ ಹೊತ್ತನ್ನು ಬಿಟ್ಟು ನಿಮ್ಮ ಜೊತೆ ಬಂದಿರುತ್ತಾರೆ.