ಹತ್ತಿರ ಇದ್ದವರಿಗೆ ಕೂಗುತ್ತವೆ

ಹೋದ ಭಾನುವಾರ ಮಗಳನ್ನು ಕರೆದುಕೊಂಡು ಅಮೆರಿಕದ ಸೌತ್ ಡಕೋಟದಲ್ಲಿರುವ ವಿಂಡ್ ಕೇವ್ ನ್ಯಾಷನಲ್ ಪಾರ್ಕಿಗೆ ಹೋಗಿದ್ದೆ. ನಾವಿರುವ ರ‍್ಯಾಪಿಡ್ ಸಿಟಿಯಿಂದ ಕಾರಿನಲ್ಲಿ ಒಂದು ಗಂಟೆ. ಅಲ್ಲಿ ರಸ್ತೆ ಪಕ್ಕದಲ್ಲೇ ಪ್ರೇರಿ ಡಾಗ್‌ಗಳ ಊರಿದೆ. ಹೆಸರಲ್ಲಿ ನಾಯಿ ಇದ್ದರೂ ಅವು ಅಳಿಲಿನ ಜಾತಿ, ನೆಲದೊಳಗೆ ಬಿಲ ತೋಡಿಕೊಂಡು ಬದುಕುತ್ತವೆ. ನಾವು ಇಳಿದದ್ದೇ ತಡ, ಒಂದು ದಿಬ್ಬದ ಮೇಲೆ ನೆಟ್ಟಗೆ ನಿಂತು ಕೂಗೋಕೆ ಶುರು ಮಾಡಿತು.

ಈ ಪಾರ್ಕಿನಲ್ಲೇ ಜಾನ್ ಹೂಗ್ಲ್ಯಾಂಡ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಶುರು ಮಾಡಿ, ಹತ್ತು ವರ್ಷಕ್ಕೂ ಜಾಸ್ತಿ ಕಾಲ ಇವನ್ನು ನೋಡುತ್ತಾ ಕೂತಿದ್ದರು. ಮೈಮೇಲೆ ಕಪ್ಪು ಬಣ್ಣದ ಗುರುತು ಹಾಕಿ, ಯಾವುದು ಯಾರ ಮಗಳು, ಯಾರ ತಂಗಿ ಅಂತ ಬರೆದಿಟ್ಟರು. ಅಷ್ಟು ತಾಳ್ಮೆ ನೆನೆದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆಮೇಲೆ ಇವನ್ನು ಬೇಟೆಯಾಡುವ ಬ್ಯಾಜರ್ ಎಂಬ ಪ್ರಾಣಿಯ, ಸತ್ತದ್ದರ ಚರ್ಮದಿಂದ ಮಾಡಿದ ಬೊಂಬೆಯನ್ನು ಅವುಗಳ ಊರಿನ ನಡುವೆ ಎಳೆಸಿ, ಉಳಿದವರನ್ನು ಎಚ್ಚರಿಸೋಕೆ ಯಾರು ಕೂಗುತ್ತಾರೆ ನೋಡಿದರು. ಹತ್ತಿರದಲ್ಲಿ ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು ಇರುವವು ಜಾಸ್ತಿ ಕೂಗಿದವು. ತನ್ನವರು ಯಾರೂ ಇಲ್ಲದವು ಕಡಿಮೆ.

ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಅಮ್ಮಾ, ಅದಕ್ಕೇನಾ ತಾತ ಬಿದ್ದಿದ್ದನ್ನ ಅಜ್ಜಿ ನಮಗೆ ಹೇಳದೇ ಇದ್ದಿದ್ದು? ನಾವು ದೂರ ಇದ್ದೀವಿ ಅಂತಾನಾ?" ಅಂದಳು.

ಹೋದ ತಿಂಗಳು ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿತ್ತು. ನನಗೆ ಗೊತ್ತಾಗಿದ್ದು ನಾಲ್ಕನೇ ದಿನ. ಅಷ್ಟರಲ್ಲಿ ಪಕ್ಕದ ಬೀದಿಯವರೆಲ್ಲ ಎಳನೀರು ಹಿಡಿದು ನೋಡಿಕೊಂಡು ಹೋಗಿದ್ದರು.

ಪ್ರೇರಿ ಡಾಗ್‌ಗಳಲ್ಲಿ ಹೆಣ್ಣುಮಕ್ಕಳು ಹುಟ್ಟಿದ ಜಾಗದಲ್ಲೇ ಉಳಿಯುತ್ತವೆ, ಗಂಡುಗಳು ಹೊರಗೆ ಹೋಗುತ್ತವೆ. ನಮ್ಮಲ್ಲಿ ಉಲ್ಟಾ ಅಲ್ವಾ? ಕೊಟ್ಟ ಹೆಣ್ಣು ಅಂದರೆ ಕೂಗು ಕೇಳದಷ್ಟು ದೂರದವಳು ಅಂತ ಮೊದಲಿಂದ ತೀರ್ಮಾನ ಮಾಡಿಬಿಟ್ಟಿರುತ್ತಾರೆ, ಅವಳು ಮುಂದಿನ ಬೀದಿಯಲ್ಲಿದ್ದರೂ ಸರಿ. ಹಿತ್ತಲಲ್ಲಿ ಹಾವು ಕಂಡರೆ ಇಡೀ ಕೇರಿಗೆ ಕೇಳುವ ಹಾಗೆ ಕೂಗುತ್ತಿದ್ದ ಅಮ್ಮ ಅವಳು.

ಮನೆಗೆ ಬಂದು ಫೋನ್ ಮಾಡಿದೆ. "ಇನ್ನು ಮೇಲೆ ನನಗೂ ಆಗಲೇ ಹೇಳಬೇಕು, ಇಲ್ಲಿ ಮಧ್ಯರಾತ್ರಿ ಆಗಿದ್ರೂ."

"ಅಷ್ಟು ದೂರ ಒಬ್ಬಳೇ ಕೂತು ಅಳ್ತೀಯಲ್ಲೇ" ಅಂದಳು.

"ಅಳ್ತೀನಿ. ಆದ್ರೂ ಹೇಳು."