ಮೀಡಿಯಮ್ ಅಂದರೆ ಒಳಗೆ ಯಾವ ಬಣ್ಣ?

ದುಬೈಯ ಹೋಟೆಲೊಂದರ ಸ್ಟೇಕ್ (ಗ್ರಿಲ್ ಮೇಲೆ ಬೇಯಿಸುವ ದಪ್ಪ ಮಾಂಸದ ತುಂಡು) ರೆಸ್ಟೊರೆಂಟಿನಲ್ಲಿ ಮೊದಲೆರಡು ವರ್ಷ ನಾನು ವೇಟರ್, ಆಮೇಲೆ ಗ್ರಿಲ್‌ಗೆ ಬಂದೆ. ವೇಟರ್ ಆಗಿದ್ದಾಗಿನ ಒಂದು ತಪ್ಪು ಇವತ್ತಿಗೂ ನೆನಪಿದೆ.

ಫ್ರಾನ್ಸಿನವರೊಬ್ಬರು ಪಕ್ಕೆಲುಬಿನ ಕಡೆಯ ಕೊಬ್ಬಿರುವ ತುಂಡಾದ ರಿಬ್‌ಐ ಹೇಳಿದರು. ಎಷ್ಟು ಬೇಯಬೇಕು ಅಂತ ಕೇಳಿದ್ದಕ್ಕೆ "ಆ ಪ್ವಾಂ" ಅಂದರು. ಹಾಗಂದರೆ ಮೀಡಿಯಮ್ (ನಡುವೆ ಗುಲಾಬಿ ಬಣ್ಣ ಉಳಿಯುವಷ್ಟು ಬೆಂದದ್ದು) ಅಂತ ಯಾರೋ ನನಗೆ ಹೇಳಿಕೊಟ್ಟಿದ್ದರು, ಕಿಚನ್ನಿಗೆ ಹೋಗುವ ಆರ್ಡರ್ ಟಿಕೆಟ್‌ನಲ್ಲಿ ಹಾಗೆಯೇ ಹಾಕಿದೆ. ಸ್ಟೇಕ್ ಬಂತು, ಅವರು ನಡುವೆ ಕೊಯ್ದು ನೋಡಿ ಚಾಕು ಕೆಳಗಿಟ್ಟರು. ಅವರ ಕಡೆ ಆ ಮಾತಿಗೆ ನಮ್ಮ ಕಿಚನ್ನಿನ ಮೀಡಿಯಮ್ ರೇರ್ ಹತ್ತಿರದ ಅರ್ಥ, ಅಂದರೆ ಮೀಡಿಯಮ್ಮಿಗಿಂತ ಕಡಿಮೆ ಬೆಂದದ್ದು. ಕಡಿಮೆ ಬೆಂದಿದ್ದರೆ ಇನ್ನೆರಡು ನಿಮಿಷ ಗ್ರಿಲ್ ಮೇಲಿಡಬಹುದಿತ್ತು. ಜಾಸ್ತಿ ಬೆಂದದ್ದಕ್ಕೆ ಏನೂ ಮಾಡುವಂತಿಲ್ಲ. ಹೊಸ ತುಂಡು ಬರುವಷ್ಟರಲ್ಲಿ ಜೊತೆಯವರದೆಲ್ಲ ಊಟ ಮುಗಿದಿತ್ತು.

ಅಂದಿನಿಂದ ಹೆಸರು ಕೇಳಿ ಬರೆದುಕೊಂಡು ಬರುವುದನ್ನು ಬಿಟ್ಟೆ. ಒಳಗೆ ಕೆಂಪಗಿರಬೇಕಾ, ಗುಲಾಬಿ ಬಣ್ಣ ಇರಬೇಕಾ, ಗುಲಾಬಿ ಒಂಚೂರೂ ಇರಬಾರದಾ ಅಂತ ಕೇಳುತ್ತಿದ್ದೆ. ಅವರು ಹೇಳಿದ್ದನ್ನು ಅವರಿಗೇ ಒಮ್ಮೆ ತಿರುಗಿ ಹೇಳಿ ಒಳಗೆ ಹೋಗುತ್ತಿದ್ದೆ.

ಗ್ರಿಲ್‌ಗೆ ಬಂದಮೇಲೆ ಆ ಪ್ರಶ್ನೆಯ ಬೆಲೆ ಇನ್ನೂ ಗೊತ್ತಾಯಿತು. ತುಂಡಿನ ನಡುಭಾಗ ಸುಮಾರು 50 ಡಿಗ್ರಿ ಸೆಲ್ಸಿಯಸ್ ಇದ್ದರೆ ರೇರ್ (ಒಳಗೆ ಕೆಂಪು), 55ರ ಆಸುಪಾಸು ಮೀಡಿಯಮ್ ರೇರ್, 60 ದಾಟಿದರೆ ಮೀಡಿಯಮ್, 70 ದಾಟಿದರೆ ವೆಲ್ ಡನ್ (ಪೂರ್ತಿ ಬೆಂದದ್ದು). ರೇರ್‌ಗೂ ಮೀಡಿಯಮ್‌ಗೂ ನಡುವೆ ಬರೀ 10 ಡಿಗ್ರಿ! ಬೆಂಕಿಯಿಂದ ತೆಗೆದ ಮೇಲೂ ಹೊರಮೈಯ ಬಿಸಿ ಒಳಗಿಳಿದು ಇನ್ನೂ 3-4 ಡಿಗ್ರಿ ಏರುತ್ತದೆ. 55 ಬೇಕಿದ್ದರೆ 51ಕ್ಕೇ ಎತ್ತಿಡಬೇಕು.

ನಮ್ಮ ದೇಶದ ಅತಿಥಿಗಳು ಹೆಚ್ಚಾಗಿ ಹಿಂಜರಿಯುವುದು ತಟ್ಟೆಯಲ್ಲಿ ಕಾಣುವ ಕೆಂಪು ನೀರಿಗೆ. ಅದು ರಕ್ತವಲ್ಲ. ಹಲಾಲ್ ಮಾಡುವಾಗಲೇ ರಕ್ತ ಹರಿದುಹೋಗಿರುತ್ತದೆ. ಇದು ಸ್ನಾಯುವಿನಲ್ಲಿರುವ ಮಯೊಗ್ಲೋಬಿನ್ ಎಂಬ ಪ್ರೋಟೀನು ಬೆರೆತ ನೀರು. ಬಿಸಿ ಏರಿದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ.

ವೆಲ್ ಡನ್ ಕೇಳುವವರಿಗೆ ರುಚಿ ಗೊತ್ತಿಲ್ಲ ಅನ್ನುವ ಮಾತು ಕಿಚನ್ನಿನಲ್ಲಿ ಕೇಳಿದ್ದೇನೆ. ನನಗದು ಸುತರಾಂ ಒಪ್ಪಿಗೆಯಿಲ್ಲ. ಮಂಗಳೂರಿನ ನಮ್ಮ ಮನೆಯಲ್ಲಿ ಮಾಂಸ ಅಂದರೆ ಮಸಾಲೆಯೊಳಗೆ ಮೆತ್ತಗಾಗುವ ತನಕ ಬೇಯಬೇಕು, ನಾನು ಬೆಳೆದದ್ದೇ ಅದನ್ನು ತಿಂದು. ಜೊತೆಯವರ ಮುಂದೆ ನಾಚಿಕೊಂಡು ಮೀಡಿಯಮ್ ಅಂದು, ಬಂದದ್ದನ್ನು ತಿನ್ನಲಾಗದೆ ಹಾಗೇ ಬಿಟ್ಟು ಎದ್ದವರನ್ನು ನೋಡಿದ್ದೇನೆ. ಸಂಕಟವಾಗುತ್ತದೆ. ಪೂರ್ತಿ ಬೆಂದದ್ದೇ ಇಷ್ಟ ಅಂದರೆ ಬೆನ್ನಿನ ಒಳಬದಿಯ ಮೆತ್ತನೆ ತುಂಡಾದ ಟೆಂಡರ್‌ಲಾಯಿನ್ ಬೇಡ, ಕೊಬ್ಬು ಕಡಿಮೆ, ಒಣಗಿಬಿಡುತ್ತದೆ. ರಿಬ್‌ಐ ಹೇಳಿ, ಒಳಗಿನ ಕೊಬ್ಬು ಕರಗಿ ಕಾಪಾಡುತ್ತದೆ. ದಪ್ಪ ತುಂಡಾದರೆ ಹೊತ್ತು ಹಿಡಿಯುತ್ತದೆ, ನಡುವೆ ಸೀಳಿ ಬಿಡಿಸಿ ಬೇಯಿಸಿಕೊಡಿ ಅಂತ ಕೇಳಿದರೆ ಖುಷಿಯಿಂದ ಮಾಡಿಕೊಡುತ್ತೇವೆ.

ಬರ್ಗರ್‌ಗೆ ಮಾತ್ರ ಈ ಆಯ್ಕೆ ಬೇಡ. ಇಡೀ ತುಂಡಿನ ಹೊರಮೈಯಲ್ಲಷ್ಟೇ ಇರುವ ರೋಗಾಣು ಖೀಮಾ ಮಾಡಿದಾಗ ಒಳಗೆಲ್ಲ ಬೆರೆಯುತ್ತದೆ, ಅದು 71 ಡಿಗ್ರಿವರೆಗೆ ಬೇಯಲೇಬೇಕು.

ಸ್ಟೇಕ್ ಬಂದ ಕೂಡಲೇ ಮೊದಲು ನಡುಭಾಗ ಕೊಯ್ದು ನೋಡಿ. ಅಂಚು ಯಾವಾಗಲೂ ಹೆಚ್ಚು ಬೆಂದಿರುತ್ತದೆ. ಸರಿಯಿಲ್ಲದಿದ್ದರೆ ಆಗಲೇ ವೇಟರನ್ನು ಕರೆಯಿರಿ, ಗ್ರಿಲ್ ಇನ್ನೂ ಬಿಸಿಯಾಗಿಯೇ ಇರುತ್ತದೆ.