ಗ್ರಂಥಾಲಯವಿಲ್ಲದ ಊರಿನ ಪ್ರಬಂಧ

ಇಲ್ಲಿ, ನ್ಯೂ ಹ್ಯಾಂಪ್‌ಷೈರಿನ ನ್ಯಾಷುವಾದಲ್ಲಿ, ಭಾನುವಾರದ ಕನ್ನಡ ತರಗತಿಗೆ ಹೋಗುವ ನನ್ನ ಮಗಳಿಗೆ ಕಳೆದ ವಾರ ‘ಗ್ರಂಥಾಲಯದ ಮಹತ್ವ’ ಎಂಬ ವಿಷಯದ ಮೇಲೆ ಒಂದು ಪುಟದ ಪ್ರಬಂಧ ಬರೆದು ತರಲು ಹೇಳಿದ್ದರು. ಹತ್ತು ವರ್ಷದ ಹುಡುಗಿ. ಕನ್ನಡ ಸಲೀಸಾಗಿ ಓದುತ್ತಾಳೆ, ಬರೆಯುವಾಗ ಒತ್ತಕ್ಷರಗಳಲ್ಲಿ ಎಡವುತ್ತಾಳೆ. ವಿಷಯ ಕೇಳಿದ್ದೇ ತಡ, ನನ್ನೊಳಗಿನ ಏಳನೆಯ ತರಗತಿಯ ವಿದ್ಯಾರ್ಥಿನಿ ಎದ್ದು ಕುಳಿತಳು. ಸಾರಿನ ಉರಿ ತಗ್ಗಿಸಿ, ‘ಬರೆದುಕೋ’ ಎಂದವಳೇ ಎಲ್ಲಿಯೂ ತಡವರಿಸದೆ ಹೇಳತೊಡಗಿದೆ: “ಪೀಠಿಕೆ. ಕೋಶ ಓದು, ದೇಶ ಸುತ್ತು ಎಂಬ ಗಾದೆಯಿದೆ. ಗ್ರಂಥಾಲಯವು ಜ್ಞಾನದ ಭಂಡಾರವಾಗಿದೆ…”

ಎರಡು ಸಾಲು ಬರೆದ ಮಗಳು ಪೆನ್ಸಿಲ್ ಕೆಳಗಿಟ್ಟಳು.

“ಅಮ್ಮ, ನಿಮ್ಮೂರಿನ ಲೈಬ್ರರಿ ಹೇಗಿತ್ತು?”

“ನಮ್ಮೂರಲ್ಲಿ ಲೈಬ್ರರಿ ಇರಲಿಲ್ಲ ಪುಟ್ಟಿ.”

“ಮತ್ತೆ ಇದನ್ನೆಲ್ಲ ಹೇಗೆ ಬರೆದೆ?”

ಬರೆದದ್ದಷ್ಟೇ ಅಲ್ಲ, ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲಿ ಮೊದಲ ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿಯನ್ನೂ ಗೆದ್ದಿದ್ದೆ ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಅರಸೀಕೆರೆ ಸಮೀಪದ ನಮ್ಮ ಮನೆಯಲ್ಲಿ ಆ ಡಬ್ಬಿ ಈಗಲೂ ಉದ್ದಿನಬೇಳೆ ತುಂಬಿಕೊಂಡು ಕುಳಿತಿದೆ. ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ನಮ್ಮ ರಾಜ್ಯಕ್ಕೆ 1965ರಲ್ಲೇ ಬಂದಿತ್ತು. ನಮ್ಮೂರಿಗೆ ಪುಸ್ತಕದ ಕಪಾಟು ಮಾತ್ರ ನಾನು ಊರು ಬಿಡುವವರೆಗೂ ಬರಲಿಲ್ಲ.

ಅವಳ ಶಾಲೆಯಲ್ಲಿ ಒಂದು ಪ್ರಬಂಧಕ್ಕೆ ಹೆಚ್ಚುಕಡಿಮೆ ಎರಡು ವಾರ ಹಿಡಿಯುತ್ತದೆ. ಮೊದಲು ವಿಷಯದ ಬಗ್ಗೆ ತನಗೆ ತಿಳಿದದ್ದನ್ನೆಲ್ಲ ಕ್ರಮದ ಹಂಗಿಲ್ಲದೆ ಹಾಳೆಯ ಮೇಲೆ ಸುರಿಯಬೇಕು, ಪಕ್ಕದಲ್ಲಿ ಕುಳಿತ ಗೆಳತಿಗೆ ಬಾಯಿಮಾತಿನಲ್ಲಿ ಹೇಳಿ ನೋಡಬೇಕು, ಆಮೇಲೆ ತಿದ್ದಲು ಜಾಗವಿರುವಂತೆ ಒಂದೊಂದು ಸಾಲು ಬಿಟ್ಟು ಮೊದಲ ಕರಡು ಬರೆಯಬೇಕು. ಅದನ್ನು ‘ಸ್ಲಾಪಿ ಕಾಪಿ’ ಎನ್ನುತ್ತಾರೆ; ಗಲೀಜಾಗಿದ್ದರೂ ಯಾರೂ ಗದರುವಂತಿಲ್ಲ. ಶಿಕ್ಷಕಿ ಒಬ್ಬೊಬ್ಬರನ್ನೇ ಹತ್ತಿರ ಕರೆದು, ಇಲ್ಲಿ ನೀನು ಏನು ಹೇಳಬೇಕೆಂದುಕೊಂಡೆ ಎಂದು ಕೇಳುತ್ತಾರೆ. ಕಾಗುಣಿತದ ಸರದಿ ಬರುವುದು ಕಟ್ಟಕಡೆಗೆ.

ಈ ಪದ್ಧತಿಗೂ ನಾನಿರುವ ರಾಜ್ಯಕ್ಕೂ ಹಳೆಯ ನಂಟಿದೆ. ಪತ್ರಿಕಾ ಸಂಪಾದಕೀಯಗಳಿಗಾಗಿ 1954ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದು, ಮುಂದೆ ಡರ್ಹಮ್‌ನ ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದ ಡೊನಾಲ್ಡ್ ಮರ್ರಿ, ಬರೆದು ಮುಗಿಸಿದ್ದಕ್ಕೆ ಅಂಕ ಹಾಕುವ ಬದಲು ಬರೆಯುವ ಕ್ರಿಯೆಯನ್ನೇ ಕಲಿಸಬೇಕೆಂದು 1972ರಲ್ಲಿ ವಾದಿಸಿದರು. ಅದೇ ವಿಶ್ವವಿದ್ಯಾಲಯದ ಡೊನಾಲ್ಡ್ ಗ್ರೇವ್ಸ್, ಪುಟ್ಟ ಮಕ್ಕಳು ಬರೆಯುವಾಗ ಪಕ್ಕದಲ್ಲೇ ಕುಳಿತು, ಅವರು ಎಲ್ಲಿ ನಿಲ್ಲುತ್ತಾರೆ, ಏನನ್ನು ಅಳಿಸುತ್ತಾರೆ ಎಂಬುದನ್ನು ಗಮನಿಸುತ್ತ ಹೋದರು.

ಹಾಗೆಂದು ಇಲ್ಲಿನದೆಲ್ಲ ಚಿನ್ನವೇನಲ್ಲ. ಮಗಳ ಚೀಲದಲ್ಲಿ ಹ್ಯಾಂಬರ್ಗರ್ ಚಿತ್ರದ ಒಂದು ಹಾಳೆಯಿದೆ: ಮೇಲಿನ ಬನ್ನಿನಲ್ಲಿ ಮುಖ್ಯ ಮಾತು, ನಡುವಿನ ಪದರಗಳಲ್ಲಿ ಮೂರು ಕಾರಣಗಳು, ಕೆಳಗಿನ ಬನ್ನಿನಲ್ಲಿ ಮುಕ್ತಾಯ. ಮೂರನೆಯ ಕಾರಣ ಸಾಮಾನ್ಯವಾಗಿ ಸುಳ್ಳು, ಪದರ ಖಾಲಿ ಬಿಡಬಾರದೆಂದು ಬರೆಯುವುದು ಎಂದು ಅವಳೇ ಒಪ್ಪಿಕೊಂಡಿದ್ದಾಳೆ. ನಮ್ಮ ಪೀಠಿಕೆ, ವಿಷಯ ವಿವರಣೆ, ಉಪಸಂಹಾರಗಳಿಗೆ ಇದು ದೂರದ ಸಂಬಂಧಿಯೇ ಸರಿ.

ನಮ್ಮ ಮೇಷ್ಟ್ರನ್ನು ದೂರಲು ನನಗೆ ಮನಸ್ಸಿಲ್ಲ. ಅರವತ್ತಕ್ಕೂ ಹೆಚ್ಚು ಮಕ್ಕಳಿದ್ದ ಕೊಠಡಿಯಲ್ಲಿ ಒಬ್ಬೊಬ್ಬರನ್ನೇ ಕರೆದು ‘ಏನು ಹೇಳಬೇಕೆಂದುಕೊಂಡೆ’ ಎಂದು ಕೇಳುತ್ತ ಕುಳಿತಿದ್ದರೆ ಅವರ ಪಾಠ ಯುಗಾದಿಗೂ ಮುಗಿಯುತ್ತಿರಲಿಲ್ಲ. ಅವರು ಬೋರ್ಡಿನ ಮೇಲೆ ಬರೆದರು, ನಾವು ಇಳಿಸಿಕೊಂಡೆವು, ಬಾಯಿಪಾಠ ಮಾಡಿದೆವು. ಪರೀಕ್ಷೆಯಲ್ಲಿ ನಾಲ್ಕೈದು ಅಂಕ ಕೈತಪ್ಪಲಿಲ್ಲ. ಆದರೆ ನಮ್ಮ ಬಳಿಯೂ ರಫ್ ನೋಟ್‌ಬುಕ್ ಇತ್ತು. ಲೆಕ್ಕವನ್ನು ಅದರಲ್ಲಿ ಎಷ್ಟು ಸಲ ಬೇಕಾದರೂ ತಪ್ಪಾಗಿ ಮಾಡಬಹುದಿತ್ತು. ಪ್ರಬಂಧಕ್ಕೆ ಮಾತ್ರ ಆ ಸ್ವಾತಂತ್ರ್ಯ ಇರಲಿಲ್ಲ. ಅದು ಹುಟ್ಟುವಾಗಲೇ ಅಂದವಾದ ಅಕ್ಷರಗಳಲ್ಲಿ, ಕೆಂಪು ಗೆರೆ ಎಳೆದ ಶೀರ್ಷಿಕೆಯೊಂದಿಗೆ ಹುಟ್ಟಬೇಕಾಗಿತ್ತು.

“ಲೈಬ್ರರಿ ಇಲ್ಲದಿದ್ದರೆ ಕಥೆ ಎಲ್ಲಿ ಓದುತ್ತಿದ್ದೆ?” ಎಂದು ಮಗಳು ಬಿಡಲಿಲ್ಲ.

ಊರಿಗೆ ಬರುತ್ತಿದ್ದ ಒಂದೇ ವಾರಪತ್ರಿಕೆ ಕ್ಷೌರದಂಗಡಿಯಲ್ಲಿರುತ್ತಿತ್ತು. ಹೆಣ್ಣುಮಕ್ಕಳು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಅಣ್ಣ ತನ್ನ ಸರದಿ ಬರುವವರೆಗೂ ಬೆಂಚಿನ ಮೇಲೆ ಕುಳಿತು, ಕೆಲವೊಮ್ಮೆ ಸರದಿ ಇಲ್ಲದೆಯೂ ಕುಳಿತು, ಧಾರಾವಾಹಿಯ ಆ ವಾರದ ಕಂತನ್ನು ಓದಿಕೊಂಡು ಬಂದು ಹಿತ್ತಲಿನ ಕಲ್ಲಿನ ಮೇಲೆ ನನಗೆ ಹೇಳುತ್ತಿದ್ದ. ನಡುವೆ ತನಗೆ ಬೇಕಾದ ಹೊಡೆದಾಟಗಳನ್ನೂ ಸೇರಿಸುತ್ತಿದ್ದನೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಸ್ಟೀಲ್ ಡಬ್ಬಿ ಗೆದ್ದ ಆ ಎರಡು ಪುಟಗಳಲ್ಲಿ ಇದರ ಒಂದು ಮಾತೂ ಇರಲಿಲ್ಲ. ಇದು ಪ್ರಬಂಧಕ್ಕೆ ಸಲ್ಲುವ ಸಂಗತಿಯೆಂದು ನನಗೆ ಹೊಳೆದೂ ಇರಲಿಲ್ಲ.

ಮಗಳು ‘ಜ್ಞಾನದ ಭಂಡಾರ’ದ ಮೇಲೆ ಅಡ್ಡಗೆರೆ ಎಳೆದಳು. ಹ್ಯಾಂಬರ್ಗರ್ ಹಾಳೆಯ ಎರಡನೆಯ ಕಾರಣದ ಪದರದಲ್ಲಿ ಅಣ್ಣನೂ ಬೆಂಚೂ ಹಿಡಿಸದೆ, ಬಾಣದ ಗುರುತು ಹಾಕಿ ಅದರ ಹಿಂಬದಿಗೆ ಹೋದಳು.

“ಅಮ್ಮ, ಕ್ಷೌರ ಹೇಗೆ ಬರೆಯೋದು? ಯಾವ ಷ?”

ಉತ್ತರ ನಾಲಗೆಯ ತುದಿಯಲ್ಲೇ ಇತ್ತು.

“ಅದು ಆಮೇಲೆ. ಮೊದಲು ಬರೆದು ಮುಗಿಸು,” ಎಂದು ಸಾರಿನ ಕಡೆ ತಿರುಗಿದೆ.